ಓಪಿಯಾಯ್ಡ್ ಪರಿಹಾರದ ದುಡ್ಡು ನಿಮ್ಮ ಕೌಂಟಿಗೆ ಬಂದಿದೆ: ಅದನ್ನು ಎಲ್ಲಿ ಹಾಕಬೇಕು?

ಅಮೆರಿಕದಲ್ಲಿ ಇರುವವರು ಒಮ್ಮೆ ನಿಮ್ಮ ಕೌಂಟಿಯ ಬಜೆಟ್ ಪುಸ್ತಕ ತೆರೆದು ‘ಓಪಿಯಾಯ್ಡ್ ಸೆಟಲ್‌ಮೆಂಟ್ ಫಂಡ್’ ಅನ್ನುವ ಸಾಲು ಹುಡುಕಿ ನೋಡಿ. ಓಪಿಯಾಯ್ಡ್ ಅಂದರೆ ಅಫೀಮಿನ ಜಾತಿಯ ನೋವಿನ ಮಾತ್ರೆ, ಹೆರಾಯಿನ್ ಇಂಥವು. ಅವುಗಳ ಚಟ ಹರಡಿದ್ದಕ್ಕೆ ಕಂಪನಿಗಳು ಕೋರ್ಟಿನ ರಾಜಿಯಲ್ಲಿ ಕೊಡುತ್ತಿರುವ ಪರಿಹಾರದ ದುಡ್ಡು ಇದು. ನಾನಿರುವ ನಾರ್ತ್ ಕ್ಯಾರೊಲೈನಾದಲ್ಲಂತೂ ಎಲ್ಲ 100 ಕೌಂಟಿಗಳಿಗೂ ಈ ದುಡ್ಡು ನೇರವಾಗಿ ಬರುತ್ತಿದೆ. ಜೊತೆಗೆ 17 ಊರುಗಳಿಗೂ ಬರುತ್ತಿದೆ. ನನಗೆ ಇದು ಗೊತ್ತಾಗಿದ್ದು ಆಸ್ತಿ ತೆರಿಗೆ ಯಾಕೆ ಏರಿತು ಅಂತ ಬಜೆಟ್ ತಿರುವಿ ಹಾಕುವಾಗ. ಕುತೂಹಲಕ್ಕೆ ಆ ವರ್ಷದ ಸಾರ್ವಜನಿಕ ಸಭೆಗೆ ಹೋದೆ. ಲೈಬ್ರರಿಯ ಹಾಲ್‌ನಲ್ಲಿ ಸುಮಾರು ಐವತ್ತು ಕುರ್ಚಿ ಹಾಕಿದ್ದರು. ಬಂದವರು ಹನ್ನೊಂದು ಜನ. ಅದರಲ್ಲೂ ಅರ್ಧಕ್ಕರ್ಧ ಕೌಂಟಿಯಿಂದ ಸಂಬಳ ತಗೊಳ್ಳುವವರೇ.

ಸಲಹಾ ಸಮಿತಿಯಲ್ಲಿ ಕೂತವರಿಗೆ, ಆರೋಗ್ಯ ಇಲಾಖೆಯಲ್ಲಿ ಕೆಲಸ ಮಾಡುವವರಿಗೆ, ಇಲ್ಲಾ ಸಭೆಯಲ್ಲಿ ಮೂರು ನಿಮಿಷ ಮಾತಾಡೋಣ ಅಂದುಕೊಂಡವರಿಗೆ ಈ ಬರಹ. ನಮ್ಮ ರಾಜ್ಯದ ಕೇರಿ, ಮಾರಿಸ್‌ವಿಲ್ ಎಂಬ ಊರುಗಳ ಕಡೆ ಕನ್ನಡದವರು ಎಷ್ಟೊಂದು ಜನ ಇದ್ದೇವೆ. ಶಾಲೆಯ ಗಡಿ ಬದಲಾದರೆ ಸಭೆಗೆ ಓಡುತ್ತೇವೆ, ಇದಕ್ಕೆ ಮಾತ್ರ ಹೋಗುವುದಿಲ್ಲ.

ನನ್ನ ವಾದ ಒಂದೇ. ಬೇರೆ ಯಾರೂ ದುಡ್ಡು ಕೊಡದ ಕಡೆ, ಜೀವ ಉಳಿಸುವ ಕೆಲಸಕ್ಕೆ ಈ ಹಣ ಹೋಗಲಿ.

ದುಡ್ಡು ಬಂದ ದಾರಿ

1996ರಲ್ಲಿ ಪರ್ಡ್ಯೂ ಫಾರ್ಮಾ ಕಂಪನಿ ಆಕ್ಸಿಕಾಂಟಿನ್ ಅನ್ನುವ ನೋವಿನ ಮಾತ್ರೆಯನ್ನು ಮಾರುಕಟ್ಟೆಗೆ ತಂದಿತು. ಚಟ ಹತ್ತುವ ಅಪಾಯ ಕಡಿಮೆ ಅಂತ ಡಾಕ್ಟರುಗಳನ್ನು ನಂಬಿಸಿತು. ಬೆನ್ನುನೋವು, ಹಲ್ಲುನೋವು ಅಂತ ಹೋದವರಿಗೂ ಈ ಜಾತಿಯ ಮಾತ್ರೆ ಸಿಗತೊಡಗಿತು. ವೆಸ್ಟ್ ವರ್ಜೀನಿಯಾದ ಕ್ಯಾಬೆಲ್ ಕೌಂಟಿಯಲ್ಲಿ ಇರುವುದು ಒಂದು ಲಕ್ಷದೊಳಗಿನ ಜನ. ಎಂಟು ವರ್ಷದಲ್ಲಿ ಅಲ್ಲಿಗೆ ಇಳಿದ ಮಾತ್ರೆ ಸುಮಾರು 8 ಕೋಟಿ. ಮುಂದೆ ಮಾತ್ರೆ ಸಿಗುವುದು ಕಷ್ಟವಾದಾಗ ಚಟ ಹತ್ತಿದವರು ಹೆರಾಯಿನ್‌ಗೆ ಹೋದರು. 2013ರ ಆಸುಪಾಸಿನಿಂದ ಫೆಂಟನಿಲ್ ಅನ್ನುವ ಕೃತಕ ಓಪಿಯಾಯ್ಡ್ ಬಂತು. ಅದು ಹೆರಾಯಿನ್‌ಗಿಂತ ಸುಮಾರು 50 ಪಟ್ಟು ಜೋರು. 2022ರ ಒಂದೇ ವರ್ಷ ಅಮೆರಿಕದಲ್ಲಿ ಓವರ್‌ಡೋಸ್‌ನಿಂದ ಸತ್ತವರು ಸುಮಾರು 1,08,000. ಅದರಲ್ಲಿ ಮುಕ್ಕಾಲು ಪಾಲು ಓಪಿಯಾಯ್ಡ್ ಸಾವು. 2024ರಲ್ಲಿ ಒಟ್ಟು ಸಂಖ್ಯೆ 80,000ದ ಹತ್ತಿರಕ್ಕೆ ಇಳಿದಿದೆ. ಇಳಿದಿದ್ದು ನಿಜ, ಆದರೆ 80,000 ಅಂದರೂ ಒಂದು ತಾಲೂಕು ಕೇಂದ್ರದಷ್ಟು ಜನ.

ಕೌಂಟಿ, ನಗರ, ರಾಜ್ಯಗಳೆಲ್ಲ ಕಂಪನಿಗಳ ಮೇಲೆ ಕೇಸು ಹಾಕಿದವು. ಮೂರು ಸಾವಿರಕ್ಕೂ ಜಾಸ್ತಿ ಕೇಸುಗಳು ಓಹಾಯೋದ ಕ್ಲೀವ್‌ಲ್ಯಾಂಡ್‌ನಲ್ಲಿ ನ್ಯಾಯಾಧೀಶ ಡ್ಯಾನ್ ಪೋಲ್‌ಸ್ಟರ್ ಮುಂದೆ ಸೇರಿದವು. 2021ರಲ್ಲಿ ಮೊದಲ ದೊಡ್ಡ ರಾಜಿ ಆಯಿತು. ಮೆಕೆಸ್ಸನ್, ಕಾರ್ಡಿನಲ್ ಹೆಲ್ತ್, ಅಮೆರಿಸೋರ್ಸ್‌ಬರ್ಗನ್ ಎಂಬ ಮೂರು ವಿತರಕ ಕಂಪನಿಗಳು 18 ವರ್ಷದಲ್ಲಿ 2,100 ಕೋಟಿ ಡಾಲರ್, ಜಾನ್ಸನ್ ಅಂಡ್ ಜಾನ್ಸನ್ 500 ಕೋಟಿ ಡಾಲರ್ ಕೊಡುವುದಾಗಿ ಒಪ್ಪಿದವು. ಆಮೇಲೆ ಔಷಧ ತಯಾರಿಸುವ ಟೇವಾ, ಅಲರ್ಗನ್, ಔಷಧ ಮಾರುವ ಸಿವಿಎಸ್, ವಾಲ್‌ಗ್ರೀನ್ಸ್, ವಾಲ್‌ಮಾರ್ಟ್ ಎಲ್ಲ ಸಾಲಾಗಿ ರಾಜಿಗೆ ಬಂದವು. ಪರ್ಡ್ಯೂ ಮತ್ತು ಅದರ ಒಡೆಯರಾದ ಸ್ಯಾಕ್ಲರ್ ಕುಟುಂಬದ ಹಳೆಯ ಒಪ್ಪಂದವನ್ನು 2024ರಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. 2025ರಲ್ಲಿ 740 ಕೋಟಿ ಡಾಲರಿನ ಹೊಸ ಒಪ್ಪಂದ ಆಯಿತು. ಅದೇ ವರ್ಷ ಎಂಟು ಜೆನೆರಿಕ್ ಕಂಪನಿಗಳು ಸೇರಿ ಸುಮಾರು 72 ಕೋಟಿ ಡಾಲರಿಗೆ ರಾಜಿಯಾದವು. ಆ ಪಟ್ಟಿಯಲ್ಲಿ ನಮ್ಮ ಸನ್ ಫಾರ್ಮಾ, ಝೈಡಸ್ ಹೆಸರೂ ಇವೆ. ಎಲ್ಲ ಕೂಡಿದರೆ 5,000 ಕೋಟಿ ಡಾಲರ್ ದಾಟುತ್ತದೆ.

ಹಿಂದೆ ಒಮ್ಮೆ ಹೀಗೇ ದುಡ್ಡು ಬಂದಿತ್ತು. 1998ರಲ್ಲಿ ತಂಬಾಕು ಕಂಪನಿಗಳು 46 ರಾಜ್ಯಗಳಿಗೆ ಮೊದಲ 25 ವರ್ಷದಲ್ಲಿ 20,600 ಕೋಟಿ ಡಾಲರ್ ಕೊಡಲು ಒಪ್ಪಿದ್ದವು. ಇಂಥದ್ದಕ್ಕೇ ಖರ್ಚು ಮಾಡಿ ಅನ್ನುವ ಕಟ್ಟುಪಾಡು ಅದರಲ್ಲಿ ಇರಲಿಲ್ಲ. ರಸ್ತೆಗೆ, ಬಜೆಟ್ಟಿನ ತೂತು ಮುಚ್ಚುವುದಕ್ಕೆ ಹೋಯಿತು. ಸಿಗರೇಟು ಬಿಡಿಸುವ ಕೆಲಸಕ್ಕೆ ಸಿಕ್ಕಿದ್ದು ಚೂರುಪಾರು. ಅದಕ್ಕೇ ಈ ಸಲ 2021ರ ಒಪ್ಪಂದದಲ್ಲಿ ಷರತ್ತು ಬರೆದರು. ರಾಜ್ಯ ಮತ್ತು ಸ್ಥಳೀಯ ಸರ್ಕಾರಗಳಿಗೆ ಹೋಗುವ ಹಣದಲ್ಲಿ ಕನಿಷ್ಠ 85% ಓಪಿಯಾಯ್ಡ್ ಪಿಡುಗನ್ನು ತಗ್ಗಿಸುವ ಕೆಲಸಕ್ಕೇ ಹೋಗಬೇಕು.

ಮೊದಲ ಹೆಜ್ಜೆ: ನಿಮ್ಮ ರಾಜ್ಯದ ಕಾಗದ ಓದಿ

ರಾಷ್ಟ್ರಮಟ್ಟದ ಒಪ್ಪಂದಕ್ಕೆ ‘ಎಕ್ಸಿಬಿಟ್ ಇ’ ಅನ್ನುವ ಬಾಲ ಇದೆ. ಯಾವುದಕ್ಕೆಲ್ಲ ಖರ್ಚು ಮಾಡಬಹುದು ಅನ್ನುವ ಉದ್ದದ ಪಟ್ಟಿ ಅದು. ಮೊದಲ ಭಾಗದಲ್ಲಿ ‘ಕೋರ್ ಸ್ಟ್ರಾಟಜಿ’ಗಳು, ಅಂದರೆ ಮೊದಲ ಆದ್ಯತೆಯವು. ಎರಡನೆಯ ಭಾಗದಲ್ಲಿ ಉಳಿದವು. ಎರಡನೆಯದು ಎಷ್ಟು ಅಗಲ ಅಂದರೆ ಮನಸ್ಸು ಮಾಡಿದರೆ ಏನನ್ನು ಬೇಕಾದರೂ ಅದರೊಳಗೆ ತೂರಿಸಬಹುದು. ಹಾಗಾಗಿ ‘ಪಟ್ಟಿಯಲ್ಲಿದೆ’ ಅಂತ ಯಾರಾದರೂ ಹೇಳಿದರೆ ಅಷ್ಟಕ್ಕೇ ತಲೆಯಾಡಿಸಬೇಡಿ.

ರಾಜ್ಯದಿಂದ ರಾಜ್ಯಕ್ಕೆ ಹಂಚಿಕೆ ಬೇರೆ. ನಾರ್ತ್ ಕ್ಯಾರೊಲೈನಾದಲ್ಲಿ 85% ಸ್ಥಳೀಯ ಸರ್ಕಾರಗಳಿಗೆ, 15% ರಾಜ್ಯಕ್ಕೆ. ಕೆಂಟಕಿಯಲ್ಲಿ ಅರ್ಧ ಅರ್ಧ. ಓಹಾಯೋದಲ್ಲಿ 55% ಒಂದು ಪ್ರತ್ಯೇಕ ಪ್ರತಿಷ್ಠಾನಕ್ಕೆ ಹೋಗುತ್ತದೆ. ನಿಮ್ಮಲ್ಲಿ ಯಾರ ಕೈಯಲ್ಲಿ ಪೆನ್ನು ಇದೆ ಅನ್ನುವುದು ಗೊತ್ತಾಗದೆ ಯಾರ ಮುಂದೆಯೋ ಹೋಗಿ ವಾದ ಮಾಡಿದರೆ ಪ್ರಯೋಜನ ಇಲ್ಲ.

ನಮ್ಮ ರಾಜ್ಯದ ಪದ್ಧತಿ ನನಗೆ ಇಷ್ಟ. ಇಲ್ಲಿ ಎರಡು ದಾರಿ. ‘ಆಪ್ಷನ್ ಎ’ ಹಿಡಿದರೆ ಹನ್ನೆರಡು ಕೆಲಸಗಳ ಚಿಕ್ಕ ಪಟ್ಟಿಯಿಂದ ಆರಿಸಿಕೊಳ್ಳಬಹುದು. ಚಟದ ಚಿಕಿತ್ಸೆ, ನಲಾಕ್ಸೋನ್ (ಓವರ್‌ಡೋಸ್ ಆದವರನ್ನು ಬದುಕಿಸುವ ಔಷಧ) ಹಂಚಿಕೆ, ಜೈಲಿನೊಳಗಿನ ಚಿಕಿತ್ಸೆ, ವಸತಿ, ಉದ್ಯೋಗ ಹೀಗೆ. ‘ಆಪ್ಷನ್ ಬಿ’ ಹಿಡಿದರೆ ಉದ್ದದ ಪಟ್ಟಿ ಪೂರ್ತಿ ಸಿಗುತ್ತದೆ. ಆದರೆ ಅದಕ್ಕೆ ಮೊದಲು ಎಲ್ಲರನ್ನೂ ಕೂರಿಸಿಕೊಂಡು ಯೋಜನೆ ಮಾಡಿರಬೇಕು. ಸಣ್ಣ ಕೌಂಟಿಗಳಿಗೆ ನನ್ನ ಸಲಹೆ: ಮೊದಲ ಎರಡು ವರ್ಷ ಎ ಸಾಕು.

ಎರಡನೆಯ ಹೆಜ್ಜೆ: ಬೇರೆ ಖಾತೆ, ವರ್ಷದ ಲೆಕ್ಕ

ಈ ದುಡ್ಡು ಸಾಮಾನ್ಯ ಖಾತೆಗೆ ಬಿದ್ದರೆ ಹಾಲಿಗೆ ನೀರು ಬೆರೆಸಿದಂತೆ, ಆಮೇಲೆ ಬೇರೆ ಮಾಡೋಕೆ ಆಗುವುದಿಲ್ಲ. ಪ್ರತ್ಯೇಕ ಫಂಡ್ ಮಾಡಿಸಿ. ನಮ್ಮಲ್ಲಿ ಇದು ಕಡ್ಡಾಯ. ಬಡ್ಡಿಯೂ ಅದರೊಳಗೇ ಬೀಳಲಿ.

ಆಮೇಲೆ ಒಂದು ಹಾಳೆಯಲ್ಲಿ ವರ್ಷವಾರು ಪಟ್ಟಿ ಬರೆಯಿರಿ. ವಿತರಕ ಕಂಪನಿಗಳ ಕಂತು 2038ರವರೆಗೆ ಬರುತ್ತದೆ. ಬೇರೆ ಕೆಲವು ಕಂಪನಿಗಳ ದುಡ್ಡು ಶುರುವಿನಲ್ಲೇ ಧಾರಾಳವಾಗಿ ಬಂದು ಆಮೇಲೆ ನಿಲ್ಲುತ್ತದೆ. ವಾಲ್‌ಮಾರ್ಟ್ ಬಹುಪಾಲನ್ನು ಒಂದೇ ಸಲಕ್ಕೆ ಕೊಟ್ಟಿತು. ಹಾಗಾಗಿ ಮೊದಲ ವರ್ಷಗಳ ಬ್ಯಾಲೆನ್ಸ್ ಮಳೆಗಾಲದ ಕೆರೆ ಇದ್ದಹಾಗೆ. ಅದನ್ನು ನೋಡಿ ಹತ್ತು ಜನರನ್ನು ಕಾಯಂ ಕೆಲಸಕ್ಕೆ ತಗೊಂಡರೆ ಏಳನೆಯ ವರ್ಷ ಅವರನ್ನು ಮನೆಗೆ ಕಳಿಸಬೇಕಾಗುತ್ತದೆ.

ಇನ್ನೊಂದು ಮಾತು. ಕೊಡುತ್ತೇವೆ ಅಂದ ದುಡ್ಡೆಲ್ಲ ಬರುವುದಿಲ್ಲ. ಮ್ಯಾಲಿನ್‌ಕ್ರಾಟ್ ಅನ್ನುವ ಕಂಪನಿ 170 ಕೋಟಿ ಡಾಲರ್ ಕೊಡಬೇಕಿತ್ತು. 2023ರಲ್ಲಿ ಎರಡನೆಯ ಸಲ ದಿವಾಳಿ ಅರ್ಜಿ ಹಾಕಿ ಅದರಲ್ಲಿ 100 ಕೋಟಿ ಕಡಿಮೆ ಮಾಡಿಸಿಕೊಂಡಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವುದು ಸರಿ, ಆದರೆ ಇಲ್ಲಿ ಹಾಸಿಗೆಯೇ ಕುಗ್ಗುತ್ತದೆ. ಒಂದು ವರ್ಷದ ಖರ್ಚಿನಷ್ಟಾದರೂ ಕೂಡಿಟ್ಟುಕೊಂಡಿರಿ.

ಹಾಗಂತ ಪೂರ್ತಿ ಕೂಡಿಡುವುದೂ ತಪ್ಪು. ‘ಸಮಗ್ರ ಯೋಜನೆ ಆಗಲಿ’ ಅಂತ ವರ್ಷಗಟ್ಟಲೆ ದುಡ್ಡು ಬ್ಯಾಂಕಿನಲ್ಲೇ ಇಟ್ಟುಕೊಂಡ ಕೌಂಟಿಗಳಿವೆ. ಆ ವರ್ಷಗಳಲ್ಲೂ ಜನ ಸಾಯುತ್ತಲೇ ಇದ್ದರು.

ಮೂರನೆಯ ಹೆಜ್ಜೆ: ಯಾರು, ಎಲ್ಲಿ ಸಾಯುತ್ತಿದ್ದಾರೆ?

ಏನು ಕೊಳ್ಳೋಣ ಅಂತ ಕೇಳುವ ಮೊದಲು ಇದನ್ನು ಕೇಳಿ. ಸಾವಿನ ಅಧಿಕೃತ ಲೆಕ್ಕ ಬರಲು ತಿಂಗಳುಗಟ್ಟಲೆ ಹಿಡಿಯುತ್ತದೆ, ಯಾಕೆಂದರೆ ರಕ್ತಪರೀಕ್ಷೆ ನಿಧಾನ. ಆಂಬುಲೆನ್ಸ್‌ನವರ ದಾಖಲೆ ಬೇಗ ಸಿಗುತ್ತದೆ. ಎಲ್ಲಿಂದ ಕರೆ ಬಂತು, ಎಷ್ಟು ಹೊತ್ತಿಗೆ, ನಲಾಕ್ಸೋನ್ ಕೊಟ್ಟರಾ ಅಂತ ಎಲ್ಲ ಅದರಲ್ಲಿ ಇರುತ್ತದೆ. ಹೆಸರು, ಮನೆ ನಂಬರು ತೆಗೆದು ನಕ್ಷೆಯ ಮೇಲೆ ಚುಕ್ಕಿ ಹಾಕಿಸಿ.

ಚುಕ್ಕಿಗಳು ನಾವು ಅಂದುಕೊಂಡ ಕಡೆ ಇರುವುದಿಲ್ಲ. ಹೆದ್ದಾರಿ ಪಕ್ಕದ ಎರಡು ಮೋಟೆಲ್, ಒಂದು ಪೆಟ್ರೋಲ್ ಬಂಕಿನ ಶೌಚಾಲಯ, ಜೈಲಿನಿಂದ ಬಿಟ್ಟವರು ಬಂದಿಳಿಯುವ ಬಸ್ ಸ್ಟಾಪಿನ ಸುತ್ತಮುತ್ತ. ಹೀಗೆ ಕಂಡರೆ ಖರ್ಚಿನ ಅರ್ಧ ತೀರ್ಮಾನ ಅಲ್ಲೇ ಆಗಿಹೋಗುತ್ತದೆ. ಯಾವ ಜನಾಂಗದವರು ಅನ್ನುವುದನ್ನೂ ನೋಡಿ. ದೇಶದ ಮಟ್ಟದಲ್ಲಿ ಓವರ್‌ಡೋಸ್ ಸಾವಿನ ದರ ಅತಿ ಹೆಚ್ಚು ಇರುವುದು ಅಮೆರಿಕದ ಮೂಲನಿವಾಸಿಗಳಲ್ಲಿ. ಅವರ ಒಬ್ಬ ಪ್ರತಿನಿಧಿಯೂ ಇಲ್ಲದೆ ನಡೆಯುವ ಸಭೆಗಳು ಬೇಕಾದಷ್ಟಿವೆ.

ನಾಲ್ಕನೆಯ ಹೆಜ್ಜೆ: ಮೇಜಿನ ಸುತ್ತ ಯಾರು?

ಶೆರಿಫ್ (ಕೌಂಟಿಯ ಪೊಲೀಸ್ ಮುಖ್ಯಸ್ಥ, ಜೈಲು ನೋಡಿಕೊಳ್ಳುವವರು), ಆರೋಗ್ಯ ಇಲಾಖೆ, ಆಸ್ಪತ್ರೆ, ಕೌಂಟಿ ಮ್ಯಾನೇಜರ್ ಹೇಗಿದ್ದರೂ ಬರುತ್ತಾರೆ. ಬರದೇ ಇರುವವರು ಚಟದಲ್ಲಿ ಇರುವವರು, ಅದರಿಂದ ಹೊರಬಂದವರು, ಮಕ್ಕಳನ್ನು ಕಳೆದುಕೊಂಡವರು. ಸಭೆಯನ್ನು ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಇಟ್ಟರೆ ಅವರು ಹೇಗೆ ಬರುತ್ತಾರೆ? ಸಂಜೆ ಇಡಿ. ಅವರ ಸಮಯಕ್ಕೆ ದುಡ್ಡು ಕೊಡಿ. ಕನ್ಸಲ್ಟೆಂಟ್‌ಗೆ ಗಂಟೆಗೆ ಇಷ್ಟು ಅಂತ ಕೊಡುವಾಗ ಇವರಿಗೆ ಕೊಡೋಕೆ ಏನು ಕಷ್ಟ?

ಆ ಹನ್ನೊಂದು ಜನರ ಸಭೆಯಲ್ಲಿ ಒಬ್ಬ ಹೆಂಗಸು ಹೇಳಿದ ಮಾತು ನನಗೆ ಇನ್ನೂ ನೆನಪಿದೆ. “ಕ್ಲಿನಿಕ್ ಇದೆ ಅಂತ ನಂಗೂ ಗೊತ್ತು. ಅದು ಬೆಳಿಗ್ಗೆ ಐದೂವರೆಗೆ ತೆರೆಯುತ್ತೆ, ಬಸ್ಸು ಏಳಕ್ಕೆ ಶುರು.” ಪಕ್ಕದಲ್ಲಿ ಕೂತಿದ್ದ ಅಧಿಕಾರಿ ಇದನ್ನು ಬರೆದುಕೊಂಡರು. ಅದು ಯಾವ ವರದಿಯಲ್ಲೂ ಇರಲಿಲ್ಲ.

ಐದನೆಯ ಹೆಜ್ಜೆ: ಇದಕ್ಕೆ ಬೇರೆ ಯಾರು ಕೊಡುತ್ತಾರೆ?

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಪ್ರಶ್ನೆ ಇದೇ. ಪ್ರತಿ ಪ್ರಸ್ತಾವದ ಪಕ್ಕದಲ್ಲಿ ಈ ಒಂದು ಸಾಲು ಬರೆಸಿ.

ಓಪಿಯಾಯ್ಡ್ ಚಟಕ್ಕೆ ಕೊಡುವ ಬ್ಯುಪ್ರೆನಾರ್ಫಿನ್, ಮೆಥಡೋನ್ ಎಂಬ ಔಷಧಗಳ ಚಿಕಿತ್ಸೆಗೆ ಮೆಡಿಕೇಡ್, ಅಂದರೆ ಕಡಿಮೆ ಆದಾಯದವರ ಸರ್ಕಾರಿ ಆರೋಗ್ಯ ವಿಮೆ, ದುಡ್ಡು ಕೊಡುತ್ತದೆ. ನಾರ್ತ್ ಕ್ಯಾರೊಲೈನಾ 2023ರ ಡಿಸೆಂಬರ್ 1ರಿಂದ ಮೆಡಿಕೇಡ್ ವಿಸ್ತರಿಸಿತು. ಅಂದಮೇಲೆ ಮೊದಲು ವಿಮೆ ಇಲ್ಲದೆ ಬರುತ್ತಿದ್ದ ಎಷ್ಟೋ ಜನರ ಚಿಕಿತ್ಸೆಯ ಬಿಲ್ಲು ಈಗ ಅಲ್ಲಿ ಹೋಗಬಹುದು. ಆ ಬಿಲ್ಲನ್ನೇ ಮತ್ತೆ ಸೆಟಲ್‌ಮೆಂಟ್ ದುಡ್ಡಿನಲ್ಲಿ ಕಟ್ಟುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಅದರ ಬದಲು ಜನರಿಗೆ ಮೆಡಿಕೇಡ್ ಅರ್ಜಿ ತುಂಬಿಸುವ ಒಬ್ಬರಿಗೆ ಸಂಬಳ ಕೊಡಿ. 2027ರಿಂದ ಮೆಡಿಕೇಡ್‌ಗೆ ಕೆಲಸದ ಷರತ್ತು ಬರುತ್ತಿದೆ. ಚಟದ ಕಾಯಿಲೆ ಇರುವವರಿಗೆ ಅದರಿಂದ ವಿನಾಯಿತಿ ಇದೆ. ಆದರೆ ವಿನಾಯಿತಿ ಸಿಗಲು ಕಾಗದಪತ್ರ ಬೇಕಲ್ಲ. ಆ ಒಬ್ಬ ನೌಕರನ ಬೆಲೆ ಆಗ ಇನ್ನೂ ಜಾಸ್ತಿ ಆಗುತ್ತದೆ.

ಮೆಡಿಕೇಡ್ ಕೊಡದಿರುವುದು ಏನು? ಚಿಕಿತ್ಸೆಯಲ್ಲಿ ಇರುವವರ ಮನೆ ಬಾಡಿಗೆ. ಬೀದಿಯಲ್ಲಿ ನಲಾಕ್ಸೋನ್ ಹಂಚುವ ಕೆಲಸ. ಜೈಲಿನೊಳಗಿನ ಚಿಕಿತ್ಸೆ. 1965ರಲ್ಲಿ ಮೆಡಿಕೇಡ್ ಶುರುವಾದಾಗಿನಿಂದ ಸೆರೆಯಲ್ಲಿ ಇರುವವರಿಗೆ ಅದು ದುಡ್ಡು ಕೊಡುವುದಿಲ್ಲ. ಕೆಲವು ರಾಜ್ಯಗಳು ಈಚೆಗೆ ಇದಕ್ಕೆ ವಿಶೇಷ ಅನುಮತಿ ಪಡೆದಿವೆ, ಕ್ಯಾಲಿಫೋರ್ನಿಯಾ 2023ರಲ್ಲಿ ಮೊದಲು ಪಡೆಯಿತು. ಹೆಚ್ಚಿನ ಕಡೆ ಮಾತ್ರ ಜೈಲಿನ ಬಾಗಿಲು ದಾಟಿದೊಡನೆ ವಿಮೆ ನಿಂತಂತೆಯೇ.

ಇದೇ ಪ್ರಶ್ನೆಗೆ ಇನ್ನೊಂದು ಮುಖ ಇದೆ. ಕೌಂಟಿ ಈಗಾಗಲೇ ತನ್ನ ದುಡ್ಡಿನಿಂದ ಮಾಡುತ್ತಿರುವ ಕೆಲಸಕ್ಕೆ ಸೆಟಲ್‌ಮೆಂಟ್ ಹಣ ಹಾಕಿ, ಉಳಿದ ಹಣವನ್ನು ಬೇರೆ ಕಡೆ ತಿರುಗಿಸುವುದು. ಇದಕ್ಕೆ ‘ಸಪ್ಲಾಂಟ್’ ಮಾಡುವುದು ಅನ್ನುತ್ತಾರೆ. ಬಹಳಷ್ಟು ಕಡೆ ಇದನ್ನು ತಡೆಯುವ ಗಟ್ಟಿ ನಿಯಮ ಇಲ್ಲ. ಹಾಗಾಗಿ ಕಳೆದ ಮೂರು ವರ್ಷದ ಬಜೆಟ್ ಪಕ್ಕದಲ್ಲಿ ಇಟ್ಟುಕೊಂಡು ಕೂತುಕೊಳ್ಳಿ.

ಆರನೆಯ ಹೆಜ್ಜೆ: ಮೊದಲ ಸುತ್ತಿನ ಖರ್ಚು

*ನಲಾಕ್ಸೋನ್.* ಓಪಿಯಾಯ್ಡ್ ಜಾಸ್ತಿಯಾದರೆ ಮನುಷ್ಯ ಉಸಿರಾಡುವುದನ್ನೇ ಮರೆಯುತ್ತಾನೆ. ನಲಾಕ್ಸೋನ್ ಮೆದುಳಿನಲ್ಲಿ ಅಂಟಿಕೊಂಡ ಓಪಿಯಾಯ್ಡ್ ಅನ್ನು ತಳ್ಳಿ ತಾನು ಕೂತುಕೊಳ್ಳುತ್ತದೆ. ಎರಡು ಮೂರು ನಿಮಿಷದಲ್ಲಿ ಉಸಿರು ಮರಳುತ್ತದೆ. 2023ರ ಮಾರ್ಚಿನಿಂದ ಮೂಗಿಗೆ ಹೊಡೆಯುವ ಸ್ಪ್ರೇ ಚೀಟಿ ಇಲ್ಲದೆ ಅಂಗಡಿಯಲ್ಲೂ ಮಾರಬಹುದು. ಎರಡು ಸ್ಪ್ರೇ ಇರುವ ಪೆಟ್ಟಿಗೆಗೆ ಶುರುವಿನಲ್ಲಿ ಸುಮಾರು 45 ಡಾಲರ್ ಇತ್ತು. ಕ್ಯಾಲಿಫೋರ್ನಿಯಾ ಸರ್ಕಾರ ಸಗಟು ಒಪ್ಪಂದ ಮಾಡಿಕೊಂಡು 24 ಡಾಲರಿಗೆ ತಂದಿತು. ಸೂಜಿಯಲ್ಲಿ ಕೊಡುವ ಬಗೆ ಇನ್ನೂ ಅಗ್ಗ. ಹಾಗಾಗಿ ಚಿಲ್ಲರೆ ಬೆಲೆಗೆ ಕೊಳ್ಳಬೇಡಿ. ಪೊಲೀಸರ ಕಾರಿನಲ್ಲಿ ಇಟ್ಟರೆ ಸಾಲದು. ಪಕ್ಕದಲ್ಲಿ ಇರುವ ಗೆಳೆಯ, ಅಕ್ಕ, ಮೋಟೆಲಿನ ಗುಮಾಸ್ತನ ಕೈಯಲ್ಲಿ ಇರಬೇಕು. ಪೊಲೀಸರು ಬರುವಷ್ಟರಲ್ಲಿ ಹೊತ್ತು ಮೀರಿರುತ್ತದೆ.

*ಔಷಧದ ಚಿಕಿತ್ಸೆ.* ಮೆಥಡೋನ್, ಬ್ಯುಪ್ರೆನಾರ್ಫಿನ್ ಎರಡೂ ಸಾವಿನ ಅಪಾಯವನ್ನು ಸರಿಸುಮಾರು ಅರ್ಧಕ್ಕೆ ಇಳಿಸುತ್ತವೆ. ‘ಒಂದು ಚಟ ಬಿಡಿಸೋಕೆ ಇನ್ನೊಂದು ಚಟವಾ’ ಅನ್ನುವ ಮಾತು ಪ್ರತಿ ಸಭೆಯಲ್ಲೂ ಬರುತ್ತದೆ, ನಮ್ಮವರ ಬಾಯಲ್ಲೂ ಬರುತ್ತದೆ. ಸಕ್ಕರೆ ಕಾಯಿಲೆಯವರು ದಿನಾ ಇನ್ಸುಲಿನ್ ತಗೊಳ್ಳುವುದನ್ನು ಚಟ ಅನ್ನುತ್ತೇವಾ? 2023ರಿಂದ ಬ್ಯುಪ್ರೆನಾರ್ಫಿನ್ ಬರೆಯಲು ಡಾಕ್ಟರಿಗೆ ವಿಶೇಷ ಪರವಾನಗಿ ಬೇಕಿಲ್ಲ. ಹಾಗಾಗಿ ಎಮರ್ಜೆನ್ಸಿ ವಿಭಾಗದಲ್ಲೇ ಮೊದಲ ಡೋಸ್ ಶುರು ಮಾಡಿಸಬಹುದು. ಮೆಥಡೋನ್ ಮಾತ್ರ ಇನ್ನೂ ಸರ್ಕಾರ ಒಪ್ಪಿದ ಕ್ಲಿನಿಕ್‌ಗಳಲ್ಲೇ ಸಿಗುತ್ತದೆ. ಹಳ್ಳಿ ಕಡೆಯ ಕೌಂಟಿಗಳಿಗೆ ಇದೇ ದೊಡ್ಡ ತೊಡಕು. 2021ರಲ್ಲಿ ಮೊಬೈಲ್ ವ್ಯಾನ್‌ಗೆ ಮತ್ತೆ ಅನುಮತಿ ಕೊಟ್ಟಿದ್ದಾರೆ. ಎರಡು ಮೂರು ಕೌಂಟಿ ಸೇರಿ ಒಂದು ವ್ಯಾನ್ ಇಟ್ಟುಕೊಂಡರೆ ಐದೂವರೆಯ ಕ್ಲಿನಿಕ್, ಏಳರ ಬಸ್ಸು ಅನ್ನುವ ಆ ಹೆಂಗಸಿನ ಸಮಸ್ಯೆ ತೀರುತ್ತದೆ.

*ಜೈಲು.* ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಒಂದು ಕೌಂಟಿಗೆ ಒಂದೇ ಕೆಲಸಕ್ಕೆ ದುಡ್ಡಿದ್ದರೆ ಅದು ಇಲ್ಲಿಗೇ ಹೋಗಲಿ ಅಂತ ನನ್ನ ಅಭಿಪ್ರಾಯ.

ಫೆಂಟನಿಲ್ ತಗೊಳ್ಳುವ ಒಬ್ಬನನ್ನು ಹಿಡಿದು ಹಾಕುತ್ತಾರೆ ಅಂದುಕೊಳ್ಳಿ. ಮೊದಲ ನಾಲ್ಕು ದಿನ ವಾಂತಿ, ನಡುಕ, ಮೈಕೈ ನೋವು. ಮೂರು ವಾರದಲ್ಲಿ ದೇಹ ಆ ಔಷಧದ ಅಭ್ಯಾಸ ಬಿಟ್ಟಿರುತ್ತದೆ. ಮನಸ್ಸು ಬಿಟ್ಟಿರುವುದಿಲ್ಲ. ಒಂದು ದಿನ ರಾತ್ರಿ ಅವನ ಬಟ್ಟೆಯ ಚೀಲ ಕೈಗೆ ಕೊಟ್ಟು ಹೊರಗೆ ಬಿಡುತ್ತಾರೆ. ಅವನು ಹಳೆಯ ಅಳತೆಯಲ್ಲೇ ತಗೊಳ್ಳುತ್ತಾನೆ. ಆ ಅಳತೆ ಈಗ ವಿಷ. ವಾಷಿಂಗ್ಟನ್ ರಾಜ್ಯದಲ್ಲಿ ಸೆರೆಮನೆಯಿಂದ ಹೊರಬಂದವರ ಬಗ್ಗೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನ ಹೇಳಿದ್ದು ಇದು: ಬಿಡುಗಡೆಯಾದ ಮೊದಲ ಎರಡು ವಾರದಲ್ಲಿ ಓವರ್‌ಡೋಸ್‌ನಿಂದ ಸಾಯುವ ಅಪಾಯ ಉಳಿದ ಜನರಿಗಿಂತ 129 ಪಟ್ಟು.

ರೋಡ್ ಐಲೆಂಡ್ 2016ರಲ್ಲಿ ತನ್ನ ಎಲ್ಲ ಸೆರೆಮನೆಗಳಲ್ಲೂ ಮೂರು ಔಷಧಗಳನ್ನು ಕೊಡಲು ಶುರು ಮಾಡಿತು. ಮೆಥಡೋನ್, ಬ್ಯುಪ್ರೆನಾರ್ಫಿನ್, ನಾಲ್ಟ್ರೆಕ್ಸೋನ್. ಹೊರಗೆ ಬಿಟ್ಟ ಮೇಲೂ ಚಿಕಿತ್ಸೆ ತಪ್ಪದಂತೆ ಕ್ಲಿನಿಕ್‌ಗೆ ಜೋಡಿಸಿದರು. ಒಂದು ವರ್ಷದೊಳಗೆ, ಈಚೆಗೆ ಬಿಡುಗಡೆಯಾದವರಲ್ಲಿ ಓವರ್‌ಡೋಸ್ ಸಾವು ಸುಮಾರು 60% ಇಳಿಯಿತು. ನ್ಯೂಯಾರ್ಕಿನ ರೈಕರ್ಸ್ ಐಲೆಂಡ್ ಜೈಲಿನಲ್ಲಿ 1987ರಿಂದಲೇ ಮೆಥಡೋನ್ ಕೊಡುತ್ತಿದ್ದಾರೆ. ಹೊಸ ಪ್ರಯೋಗವೇನಲ್ಲ.

ಶೆರಿಫ್ ಒಪ್ಪದಿದ್ದರೆ? ಎರಡು ಮಾತು ಹೇಳಬಹುದು. ಒಂದು ಕಾನೂನಿನದು. ಡಾಕ್ಟರು ಬರೆದುಕೊಟ್ಟು ಮೊದಲೇ ನಡೆಯುತ್ತಿರುವ ಈ ಔಷಧವನ್ನು ಜೈಲಿನಲ್ಲಿ ನಿಲ್ಲಿಸುವುದು ಅಂಗವಿಕಲರ ಹಕ್ಕುಗಳ ಕಾಯ್ದೆಗೆ ವಿರುದ್ಧ ಅಂತ ಫೆಡರಲ್ ನ್ಯಾಯ ಇಲಾಖೆ 2022ರ ಏಪ್ರಿಲ್‌ನಲ್ಲಿ ಹೇಳಿದೆ. ಎರಡನೆಯದು ದಿನನಿತ್ಯದ ಕಷ್ಟದ್ದು. ಅವರ ನಿಜವಾದ ತಕರಾರು ಏನೆಂದರೆ, ಬ್ಯುಪ್ರೆನಾರ್ಫಿನ್ ಮಾತ್ರೆ ನಾಲಿಗೆ ಕೆಳಗೆ ಕರಗಲು ಹಲವು ನಿಮಿಷ ಬೇಕು, ಅಷ್ಟು ಹೊತ್ತು ಒಬ್ಬ ಕಾವಲುಗಾರ ಬಾಯಿ ನೋಡುತ್ತಾ ನಿಲ್ಲಬೇಕು, ಇಲ್ಲದಿದ್ದರೆ ಕದ್ದು ಇನ್ನೊಬ್ಬರಿಗೆ ಮಾರುತ್ತಾರೆ. ಇದು ಸುಳ್ಳಲ್ಲ. ಹಾಗಾದರೆ ಆ ಕಾವಲುಗಾರನ ಹೆಚ್ಚಿನ ಗಂಟೆಗೆ, ಒಬ್ಬ ನರ್ಸಿಗೆ ಸೆಟಲ್‌ಮೆಂಟ್ ಹಣದಲ್ಲಿ ಸಂಬಳ ಕೊಡಿ. ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್ ಕೂಡ ಇದೆ. ಅದು ದುಬಾರಿ, ಆದರೆ ಬಿಡುಗಡೆಯ ಮುಂಚಿನ ದಿನ ಕೊಟ್ಟರೆ ಆ ಅಪಾಯದ ಎರಡು ವಾರ ಪೂರ್ತಿ ಕಾಯುತ್ತದೆ. ಜೊತೆಗೆ ಬಟ್ಟೆಯ ಚೀಲದೊಳಗೆ ಒಂದು ನಲಾಕ್ಸೋನ್ ಪೆಟ್ಟಿಗೆ ಇರಲಿ.

*ಬದುಕಿಬಂದ ಮೇಲೆ.* ಒಮ್ಮೆ ಓವರ್‌ಡೋಸ್ ಆಗಿ ಬದುಕಿದವರಿಗೆ ಮತ್ತೆ ಆಗುವ ಸಂಭವ ಜಾಸ್ತಿ. ವೆಸ್ಟ್ ವರ್ಜೀನಿಯಾದ ಹಂಟಿಂಗ್ಟನ್‌ನಲ್ಲಿ 2017ರ ಕೊನೆಯಿಂದ ಒಂದು ತಂಡ 72 ಗಂಟೆಯೊಳಗೆ ಅಂಥವರ ಮನೆ ಬಾಗಿಲಿಗೆ ಹೋಗುತ್ತದೆ. ತಂಡದಲ್ಲಿ ಆಂಬುಲೆನ್ಸ್ ಸಿಬ್ಬಂದಿ, ಆಪ್ತಸಲಹೆಗಾರ, ಪಾದ್ರಿ, ಪೊಲೀಸ್ ಇರುತ್ತಾರೆ. ಪೊಲೀಸ್ ಇದ್ದರೆ ಬಾಗಿಲು ತೆರೆಯುವವರು ಕಡಿಮೆ ಅಂತ ನನಗೆ ಅನಿಸುತ್ತದೆ. ಚಟದಿಂದ ಹೊರಬಂದ ಒಬ್ಬರನ್ನು ಮುಂದೆ ನಿಲ್ಲಿಸಿ.

*ಸೂಜಿ ಬದಲಾಯಿಸುವ ಕೇಂದ್ರ.* ಬಳಸಿದ ಸೂಜಿ ತಗೊಂಡು ಹೊಸದು ಕೊಡುವ ಜಾಗ ಇದು. ಹೆಸರು ಕೇಳಿದರೇ ಜನ ಸಿಡುಕುತ್ತಾರೆ. ಇಂಡಿಯಾನಾದ ಆಸ್ಟಿನ್ ಸುಮಾರು 4,000 ಜನರ ಊರು. 2014-15ರಲ್ಲಿ ನೋವಿನ ಮಾತ್ರೆಯನ್ನು ಕರಗಿಸಿ ಚುಚ್ಚಿಕೊಳ್ಳುತ್ತಿದ್ದವರು ಒಂದೇ ಸೂಜಿ ಹಂಚಿಕೊಂಡರು. ಆ ಊರಿನ ಸುತ್ತ 200ಕ್ಕೂ ಜಾಸ್ತಿ ಜನರಿಗೆ ಎಚ್‌ಐವಿ ಬಂತು. ಇಂಥ ಕೇಂದ್ರಕ್ಕೆ ಬರುವವರು ಚಿಕಿತ್ಸೆಗೆ ಸೇರುವ ಸಾಧ್ಯತೆ ಐದು ಪಟ್ಟು ಹೆಚ್ಚು ಅಂತ ಅಮೆರಿಕದ ಸಾರ್ವಜನಿಕ ಆರೋಗ್ಯ ಸಂಸ್ಥೆ ಸಿಡಿಸಿ ಹೇಳುತ್ತದೆ. ನಿಮ್ಮ ರಾಜ್ಯದ ಕಾನೂನು ಬಿಡುತ್ತದಾ ನೋಡಿಕೊಳ್ಳಿ. ನಮ್ಮಲ್ಲಿ 2016ರಿಂದ ಬಿಟ್ಟಿದೆ.

*ವಸತಿ.* ಮೊದಲ ತಿಂಗಳ ಬಾಡಿಗೆ, ಅಡ್ವಾನ್ಸ್. ಅಷ್ಟು ಸಿಕ್ಕರೆ ಎಷ್ಟೋ ಜನ ನಿಲ್ಲುತ್ತಾರೆ. ಆದರೆ ಕೆಲವು ವಸತಿಗೃಹಗಳು ಬ್ಯುಪ್ರೆನಾರ್ಫಿನ್ ತಗೊಳ್ಳುವವರನ್ನು ಒಳಗೆ ಬಿಡುವುದಿಲ್ಲ. ಅಂಥ ಕಡೆ ಒಂದು ಡಾಲರೂ ಬೇಡ. ಗುತ್ತಿಗೆಯಲ್ಲೇ ಬರೆಸಿ.

ಏಳನೆಯ ಹೆಜ್ಜೆ: ಇವಕ್ಕೆ ಬೇಡ ಅನ್ನಿ

ಟೆನೆಸ್ಸಿಯ ಗ್ರೀನ್ ಕೌಂಟಿ ತನಗೆ ಬಂದ ಮೊದಲ ದುಡ್ಡಿನಲ್ಲಿ ಸುಮಾರು 24 ಲಕ್ಷ ಡಾಲರನ್ನು ಹಳೆಯ ಸಾಲ ತೀರಿಸಲು ಹಾಕಿತು. ನ್ಯೂಜೆರ್ಸಿಯ ಅರ್ವಿಂಗ್ಟನ್ ಪಟ್ಟಣ ಸಂಗೀತ ಕಾರ್ಯಕ್ರಮಗಳಿಗೆ 6 ಲಕ್ಷ ಡಾಲರಿಗೂ ಜಾಸ್ತಿ ಖರ್ಚು ಮಾಡಿತು ಅಂತ ಆ ರಾಜ್ಯದ ಸರ್ಕಾರಿ ಖರ್ಚಿನ ತಪಾಸಣೆ ಮಾಡುವ ಕಂಟ್ರೋಲರ್ 2025ರಲ್ಲಿ ವರದಿ ಕೊಟ್ಟರು. ಜಾಗೃತಿಗಾಗಿ ಮಾಡಿದ್ದು ಅಂತ ಪಟ್ಟಣದವರ ವಾದ.

ಇವು ಎದ್ದು ಕಾಣುವಂಥವು. ಕಷ್ಟ ಇರುವುದು ಒಳ್ಳೆಯದರಂತೆ ಕಾಣುವವುಗಳಲ್ಲಿ. ಪೊಲೀಸ್ ಕಾರು, ಫೆಂಟನಿಲ್ ಮುಟ್ಟಿದರೆ ಸಾಯುತ್ತಾರೆ ಅಂತ ಹೆದರಿ ಕೊಳ್ಳುವ ವಿಶೇಷ ಉಡುಪು, ಶಾಲೆಯಲ್ಲಿ ಒಂದು ಗಂಟೆಯ ಭಾಷಣ. ಬರೀ ಚರ್ಮಕ್ಕೆ ತಾಗಿದರೆ ಓವರ್‌ಡೋಸ್ ಆಗುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ ಅಂತ ಅಮೆರಿಕದ ವಿಷವೈದ್ಯರ ಸಂಘ 2017ರಲ್ಲೇ ಹೇಳಿದೆ. ಪೊಲೀಸರು ಶಾಲೆಗೆ ಬಂದು ಪಾಠ ಮಾಡುತ್ತಿದ್ದ ಹಳೆಯ ‘ಡೇರ್’ ಕಾರ್ಯಕ್ರಮದಿಂದ ಮಕ್ಕಳ ಮೇಲೆ ಬಾಳುವ ಪರಿಣಾಮ ಆಗಲಿಲ್ಲ ಅಂತ ಅಧ್ಯಯನ ಮೇಲೆ ಅಧ್ಯಯನ ತೋರಿಸಿದೆ. ಮಕ್ಕಳಿಗಾಗಿ ಖರ್ಚು ಮಾಡಲೇಬೇಕು, ಆದರೆ ಮಾಡಿ ತೋರಿಸಿದ ಪುರಾವೆ ಇರುವುದಕ್ಕೆ ಮಾಡಿ.

ಎಂಟನೆಯ ಹೆಜ್ಜೆ: ನಿರ್ಣಯ, ಗುತ್ತಿಗೆ, ಎಣಿಕೆ

ನಮ್ಮ ರಾಜ್ಯದಲ್ಲಿ ಕೌಂಟಿಯನ್ನು ಆಳುವ ಕಮಿಷನರುಗಳ ಮಂಡಳಿ ನಿರ್ಣಯ ಮಾಡದೆ ಒಂದು ಪೈಸೆ ಖರ್ಚು ಮಾಡುವ ಹಾಗಿಲ್ಲ. ನಿರ್ಣಯದಲ್ಲಿ ಯಾವ ಪಟ್ಟಿಯ ಎಷ್ಟನೆಯ ಕೆಲಸ, ಎಷ್ಟು ದುಡ್ಡು, ಯಾವ ಅವಧಿ ಅನ್ನುವುದು ಇರಬೇಕು. ಮಾದರಿಗೆ ನಾನೇ ಬರೆದ ಒಂದು ಸಾಲು (‘ಎಕ್ಸಿಬಿಟ್ ಎ’ ಅಂದರೆ ಆಪ್ಷನ್ ಎಯ ಹನ್ನೆರಡು ಕೆಲಸಗಳ ಆ ಚಿಕ್ಕ ಪಟ್ಟಿ):

“ಎಕ್ಸಿಬಿಟ್ ಎ, ಕೆಲಸ 11, ಸೆರೆಯಲ್ಲಿರುವವರಿಗೆ ಚಟದ ಚಿಕಿತ್ಸೆ. 2026ರ ಜುಲೈ 1ರಿಂದ 2027ರ ಜೂನ್ 30ರವರೆಗೆ, 2,40,000 ಡಾಲರ್.”

ಇಷ್ಟು ಸ್ಪಷ್ಟ ಇಲ್ಲದ ನಿರ್ಣಯ ಬಂದರೆ ವಾಪಸ್ ಕಳಿಸಿ. ‘ಓಪಿಯಾಯ್ಡ್ ಸಂಬಂಧಿತ ಚಟುವಟಿಕೆಗಳು’ ಅಂತ ಬರೆದಿದ್ದರೆ ಅದರೊಳಗೆ ಏನು ಬೇಕಾದರೂ ಅಡಗುತ್ತದೆ.

ಗುತ್ತಿಗೆ ಕೊಡುವಾಗ ಏನನ್ನು ಎಣಿಸುತ್ತೀರಿ ಅನ್ನುವುದನ್ನು ಮೊದಲೇ ಬರೆದುಕೊಳ್ಳಿ. ‘5,000 ಜನರನ್ನು ತಲುಪಿದೆವು’ ಅನ್ನುವ ಲೆಕ್ಕದಿಂದ ಏನೂ ಗೊತ್ತಾಗುವುದಿಲ್ಲ. ಸಹಾಯ ಕೇಳಿದ ದಿನದಿಂದ ಮೊದಲ ಡೋಸಿಗೆ ಎಷ್ಟು ದಿನ ಹಿಡಿಯಿತು? ಆರು ತಿಂಗಳಾದ ಮೇಲೂ ಔಷಧದಲ್ಲಿ ಎಷ್ಟು ಜನ ಉಳಿದಿದ್ದಾರೆ? ಜೈಲಿನಿಂದ ಬಿಟ್ಟವರಲ್ಲಿ ಎಷ್ಟು ಜನರ ಕೈಯಲ್ಲಿ ಔಷಧ ಇತ್ತು? ಈ ಮೂರು ಸಾಕು. ಸಣ್ಣ ಸಂಸ್ಥೆಗಳಿಗೆ ಇಪ್ಪತ್ತು ಪುಟದ ವರದಿ ಕೇಳಿ ಸುಸ್ತು ಮಾಡಬೇಡಿ. ದುಡ್ಡನ್ನು ಮೊದಲು ಖರ್ಚು ಮಾಡಿ ಆಮೇಲೆ ಬಿಲ್ ಕಳಿಸಿ ಅನ್ನುವ ಪದ್ಧತಿಯಲ್ಲಿ ಸಣ್ಣವರು ಬದುಕುವುದಿಲ್ಲ, ಮುಂಗಡ ಕೊಡಿ.

ಬರೀ ಸಭೆಗೆ ಹೋಗುವವರಿಗೆ

ನಮ್ಮಲ್ಲಿ ಕೌಂಟಿ ವರ್ಷಕ್ಕೊಮ್ಮೆಯಾದರೂ ಈ ವಿಷಯಕ್ಕೆ ಎಲ್ಲರಿಗೂ ತೆರೆದ ಸಭೆ ಕರೆಯಲೇಬೇಕು. ನಿಮ್ಮ ರಾಜ್ಯದಲ್ಲಿ ಅಂಥ ನಿಯಮ ಇಲ್ಲದಿದ್ದರೆ ಸಾಮಾನ್ಯ ಸಭೆಯ ಸಾರ್ವಜನಿಕ ಮಾತಿನ ಹೊತ್ತು ಬಳಸಿಕೊಳ್ಳಿ. ಭಾಷಣ ಬೇಡ. ಇಲ್ಲಿಯವರೆಗೆ ಎಷ್ಟು ಬಂತು, ಎಷ್ಟು ಖರ್ಚಾಯಿತು, ಜೈಲಿನಲ್ಲಿ ಔಷಧ ಸಿಗುತ್ತಿದೆಯಾ ಅಂತ ಕೇಳಿ. ಉತ್ತರ ಬರಹದಲ್ಲಿ ಬೇಕು ಅನ್ನಿ. ನಾನು ಮೊದಲ ಸಲ ಕೇಳಿದಾಗ ಬಂದದ್ದು ‘ಪರಿಶೀಲನೆಯಲ್ಲಿದೆ’ ಅನ್ನುವ ಒಂದು ಸಾಲು. ಎರಡನೆಯ ವರ್ಷ ಇನ್ನೂ ನಾಲ್ಕು ಜನ ಕನ್ನಡದವರನ್ನು ಕರಕೊಂಡು ಹೋದೆ. ಅಂಕಿಅಂಶದ ಹಾಳೆ ಸಿಕ್ಕಿತು.

ಅಂಥ ಸಭೆಗಳಲ್ಲಿ ಸಾಮಾನ್ಯವಾಗಿ ನಲಾಕ್ಸೋನ್ ಪೆಟ್ಟಿಗೆ ಬಿಟ್ಟಿ ಕೊಟ್ಟು ಬಳಸುವುದನ್ನೂ ಹೇಳಿಕೊಡುತ್ತಾರೆ. ತಗೊಳ್ಳಿ, ನಾಚಿಕೆ ಬೇಡ. ಕನ್ನಡ ಸಂಘದ ರಾಜ್ಯೋತ್ಸವಕ್ಕೆ ನೂರಾರು ಜನ ಸೇರುವ ಬಾಡಿಗೆ ಹಾಲ್‌ನಲ್ಲೂ ಒಂದು ಇರಲಿ, ಕಾಲೇಜಿಗೆ ಹೋಗುವ ಮಕ್ಕಳ ರೂಮಿನಲ್ಲೂ ಇರಲಿ. ಕರೆದರೂ ಏಳದ, ತುಟಿ ನೀಲಿಯಾದ, ಉಸಿರು ಗೊರಗೊರ ಅನ್ನುವ ಒಬ್ಬರು ಕಂಡರೆ 911ಕ್ಕೆ ಕರೆ ಮಾಡಿ. ಅವರನ್ನು ಬೆನ್ನ ಮೇಲೆ ಮಲಗಿಸಿ, ತಲೆ ಹಿಂದಕ್ಕೆ ವಾಲಿಸಿ, ಸ್ಪ್ರೇಯ ಮೂತಿಯನ್ನು ಒಂದು ಮೂಗಿನ ಹೊಳ್ಳೆಯೊಳಗೆ ಪೂರ್ತಿ ತೂರಿಸಿ ಒಂದೇ ಸಲ ಒತ್ತಿ. ಮೊದಲೇ ಒತ್ತಿ ಪರೀಕ್ಷೆ ಮಾಡಬೇಡಿ, ಒಂದರಲ್ಲಿ ಒಂದೇ ಡೋಸ್ ಇರುವುದು. ಎರಡು ಮೂರು ನಿಮಿಷದಲ್ಲಿ ಏಳದಿದ್ದರೆ ಎರಡನೆಯದನ್ನು ಇನ್ನೊಂದು ಹೊಳ್ಳೆಗೆ. ಎದ್ದರೂ ಒಬ್ಬರನ್ನೇ ಬಿಟ್ಟು ಹೋಗಬೇಡಿ, ಔಷಧದ ಶಕ್ತಿ ಇರುವುದು ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಅಷ್ಟೆ. ಪೆಟ್ಟಿಗೆಯನ್ನು ಕಾರಿನಲ್ಲಿ ಬಿಟ್ಟು ಹೋಗುವ ಅಭ್ಯಾಸ ಮಾತ್ರ ಬೇಡ, ಇಲ್ಲಿನ ಜುಲೈ ಬಿಸಿಲಿಗೆ ಕಾರಿನೊಳಗೆ 40 ಡಿಗ್ರಿ ಸುಲಭವಾಗಿ ದಾಟುತ್ತದೆ. ನನ್ನದು ಅಡುಗೆಮನೆಯ ಮೇಲಿನ ಕಪಾಟಿನಲ್ಲಿ, ಬ್ಯಾಂಡೇಜ್ ಡಬ್ಬದ ಪಕ್ಕ ಇದೆ.